ಬಾಗಿಲಲ್ಲಿ ನಿಂತುಬಿಡುತ್ತಿದ್ದ ಬಡಿಗ: ಕಲಬುರಗಿಯ ಒಂದು ಮನೆಯ ಪ್ರಕರಣ

ಕಲಬುರಗಿಯ ಹಳೇ ಊರಿನ ಒಂದು ಮನೆ. ಯಜಮಾನರು ಬಡಿಗರು. 11 ವರ್ಷ ಪಾರ್ಕಿನ್ಸನ್ ಕಾಯಿಲೆ ಅನುಭವಿಸಿ ತೀರಿಕೊಂಡರು. ಮಣ್ಣು ಮುಗಿದು, ದಿನ ಮಾಡಿ, ಬೀಗರು ನೆಂಟರೆಲ್ಲ ತಂತಮ್ಮ ಊರಿಗೆ ಹೋದ ಮೇಲೆ ಆ ಮನೆಯಲ್ಲಿ ಒಂದು ತೊಂದರೆ ಶುರುವಾಯಿತು. ದುಡ್ಡಿನದಲ್ಲ, ಆಸ್ತಿಯದೂ ಅಲ್ಲ. ಅಪ್ಪನನ್ನು ನೆನೆಸಿಕೊಂಡರೆ ಹಾಸಿಗೆ ಹಿಡಿದಿದ್ದ ಅಪ್ಪ ಮಾತ್ರ ಬರುತ್ತಿದ್ದ. ಅದಕ್ಕೂ ಮುಂಚೆ ಐವತ್ತೇಳು ವರ್ಷ ಬದುಕಿದ್ದ ಮನುಷ್ಯ ಯಾರ ನೆನಪಿಗೂ ಬರುತ್ತಿರಲಿಲ್ಲ.

ನಾನು ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವಳು. ಅವರ ಕೊನೆಯ ವರ್ಷಗಳಲ್ಲಿ ಆ ಮನೆಗೆ ಹೋಗಿ ಬರುತ್ತಿದ್ದೆ. ರೋಗಿ ತೀರಿಕೊಂಡ ಮೇಲೆ ನಮ್ಮ ಕೆಲಸ ಮುಗಿಯಿತು ಅಂತಲೇ ಲೆಕ್ಕ. ಇಲ್ಲಿ ಹಾಗಾಗಲಿಲ್ಲ. ಹಿರಿಯ ಮಗ ಫೋನ್ ಮಾಡಿ ಕರೆಸಿದ. ಆಮೇಲೆ ನಡೆದಿದ್ದನ್ನು ಮನೆಯವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಹೆಸರು, ಓಣಿ ಯಾವುದನ್ನೂ ಹಾಕಿಲ್ಲ. ಓಣಿಯವರೆಲ್ಲ ಅವರನ್ನು ಬಡಿಗೇರ ಕಾಕಾ ಅಂತಿದ್ದರು, ನಾನೂ ಹಾಗೇ ಅಂತೀನಿ.

ಕಸುಬು

ಕಾಕಾ ಹುಟ್ಟಿದ್ದು ಸೇಡಂ ಕಡೆಯ ಹಳ್ಳಿಯಲ್ಲಿ. ಅವರ ಅಪ್ಪ ರೈತರಿಗೆ ಕುಂಟೆ, ಕೂರಿಗೆ, ನೇಗಿಲು, ಬಂಡಿ ಮಾಡಿಕೊಡುತ್ತಿದ್ದರು. ಕೂಲಿ ರೊಕ್ಕದಲ್ಲಿ ಬರುತ್ತಿರಲಿಲ್ಲ. ಸುಗ್ಗಿಯಲ್ಲಿ ಆಯದ ಲೆಕ್ಕಕ್ಕೆ ಜೋಳ ಬರುತ್ತಿತ್ತು, ತೊಗರಿ ಬರುತ್ತಿತ್ತು. ಆ ಕೆಲಸಕ್ಕೆಲ್ಲ ಜಾಲಿ ಕಟ್ಟಿಗೆ. ಟ್ರ್ಯಾಕ್ಟರ್ ಬಂತು, ಕಬ್ಬಿಣದ ಕೂರಿಗೆ ಬಂತು, ಆಯ ನಿಂತುಹೋಯಿತು. 80ರ ದಶಕದಲ್ಲಿ ಕಾಕಾ ಹೆಂಡತಿಯನ್ನು ಕರೆದುಕೊಂಡು ಕಲಬುರಗಿಗೆ ಬಂದರು. ಆಗ ಊರು ಬೆಳೆಯುತ್ತಿತ್ತು, ಎಲ್ಲೆಲ್ಲೂ ಮನೆ ಏಳುತ್ತಿದ್ದವು. ಕುಂಟೆ ಮಾಡುತ್ತಿದ್ದ ಕೈ ಬಾಗಿಲು, ಕಿಟಕಿ, ಚೌಕಟ್ಟು ಮಾಡಲು ಶುರು ಮಾಡಿತು. ಮನೆಯ ಮುಂದೆ ತಗಡಿನ ಶೆಡ್ ಹಾಕಿದರು. ಅದೇ ಕಾರ್ಖಾನೆ.

ಅವರಿಗೆ ಸಾಗವಾನಿ ಅಂದರೆ ಜೀವ. ಕಟ್ಟಿಗೆ ಅಡ್ಡಾಕ್ಕೆ ಹೋದರೆ ಬಣ್ಣ ನೋಡಿ ತೂಕ ನೋಡಿ ಬರುವವರಲ್ಲ. ಒಂದು ಮೂಲೆಗೆ ರಂದಾ ಹೊಡೆದು, ಬಂದ ತೆಳು ಸಿಪ್ಪೆಯನ್ನು ಎರಡು ಬೆರಳಲ್ಲಿ ತಿಕ್ಕಿ ಮೂಗಿಗೆ ಹಿಡಿಯುತ್ತಿದ್ದರು. ಸಾಗವಾನಿಯಲ್ಲಿ ಎಣ್ಣೆ ಅಂಶ ಇರುತ್ತದೆ, ಅದಕ್ಕೆ ತನ್ನದೇ ಒಂದು ವಾಸನೆ. ಒಂದೇ ಬಣ್ಣದ ಬೇರೆ ಕಟ್ಟಿಗೆಗೆ ಪಾಲಿಶ್ ಹೊಡೆದು ಕೊಟ್ಟರೆ ಕಣ್ಣು ಮೋಸ ಹೋಗಬಹುದು, ಮೂಗು ಹೋಗಲ್ಲ ಅನ್ನೋದು ಅವರ ಲೆಕ್ಕ.

ಅಳತೆಗೆಲ್ಲ ಒಂದು ಉದ್ದನೆಯ ವಹಿ. ಗಿರಾಕಿ ಹೆಸರು, ಬಾಗಿಲಿನ ಎತ್ತರ, ಅಗಲ, ಕೊಟ್ಟ ಮುಂಗಡ. ಅಳತೆ ಫೂಟು, ಇಂಚು, ಸೂತದಲ್ಲಿ. ಒಂದು ಸೂತ ಅಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು. ಮೊಬೈಲ್ ಬಂದ ಮೇಲೂ ವಹಿ ಬಿಡಲಿಲ್ಲ. ಬೇಸಿಗೆಯಲ್ಲಿ ಕೂಡಿಸಿದ ಬಾಗಿಲಿನ ಅಳತೆ ಪಕ್ಕದಲ್ಲಿ ಒಂದು ಸಣ್ಣ ಗೀಟು ಇರುತ್ತಿತ್ತು. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕಟ್ಟಿಗೆ ಒಣಗಿ ಕುಗ್ಗುತ್ತದೆ. ಮಳೆಗಾಲದಲ್ಲಿ ಅದೇ ಕಟ್ಟಿಗೆ ಉಬ್ಬಿ ಬಾಗಿಲು ಹಿಡಿಯುತ್ತದೆ. "ಬ್ಯಾಸಿಗ್ಯಾಗ ಕೂಡಿಸಿದ ಬಾಗ್ಲಕ್ಕ ಮಳಿಗಾಲದ ಜಾಗಾ ಬಿಡಬೇಕು" ಅಂತಿದ್ದರಂತೆ. ಈ ಮಾತು ನನಗೆ ಹೇಳಿದ್ದು ಮಗನಲ್ಲ, ಅವರ ಕೈಕೆಳಗೆ ಕೆಲಸ ಕಲಿತ ಒಬ್ಬ ಹುಡುಗ. ಅವನ ವಿಷಯ ಆಮೇಲೆ ಬರುತ್ತದೆ.

ಕಾಯಿಲೆ ಬಂದ ದಾರಿ

ಮೊದಲು ಬಲ ಹೆಗಲು ನೋವು. ಗರಗಸ ಎಳೆದು ಎಳೆದು ಹಿಡಿದುಕೊಂಡಿದೆ ಅಂತ ಎಲ್ಲರೂ ಅಂದರು. ಹತ್ತಿರದ ಕ್ಲಿನಿಕ್ಕಿನಲ್ಲಿ "ನರದ ವೀಕ್‌ನೆಸ್" ಅಂತ ಸೂಜಿ, ಶಕ್ತಿ ಗುಳಿಗೆ. ಹೆಗಲು ಬಿಗಿಯುವುದು ಪಾರ್ಕಿನ್ಸನ್ನಿನ ಶುರುವಿನಲ್ಲಿ ಎಷ್ಟೋ ಜನಕ್ಕೆ ಬರುವ ಲಕ್ಷಣ. ಅದನ್ನು ಬರೀ ಕೀಲು ನೋವು ಅಂತ ತಿಳಿದು ವರ್ಷಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡವರನ್ನು ನಾನೇ ನೋಡಿದ್ದೇನೆ. ಬೆರಳು ನಡುಗಲು ಶುರುವಾದ ಮೇಲೆ, 2012ರಲ್ಲಿ, ಸುಮಾರು 220 ಕಿಲೋಮೀಟರ್ ದೂರದ ಹೈದರಾಬಾದಿಗೆ ಕರೆದುಕೊಂಡು ಹೋದರು. ಅಲ್ಲಿನ ನರರೋಗ ತಜ್ಞರು ಕಾಯಿಲೆಯ ಹೆಸರು ಹೇಳಿದರು.

ಜೇಮ್ಸ್ ಪಾರ್ಕಿನ್ಸನ್ ಅನ್ನುವ ಇಂಗ್ಲಿಷ್ ವೈದ್ಯ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದ. ಮೆದುಳಿನ ಒಂದು ಸಣ್ಣ ಜಾಗದಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸುವ ಜೀವಕೋಶಗಳು ಸಾಯುತ್ತ ಹೋಗುತ್ತವೆ. ಕೈಕಾಲಿನ ಚಲನೆ ಸರಾಗವಾಗಿ ಆಗಬೇಕಾದರೆ ಅದು ಬೇಕು. ಕೈ ನಡುಕ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಜನ ಇದನ್ನು ನಡುಕದ ರೋಗ ಅಂದುಕೊಳ್ಳುತ್ತಾರೆ. ಆದರೆ ನಡುಕಕ್ಕಿಂತ ಮುಂಚೆಯೇ, ಕೆಲವರಲ್ಲಿ ಎಷ್ಟೋ ವರ್ಷ ಮುಂಚೆ, ಬೇರೆ ಸಂಗತಿಗಳು ಶುರುವಾಗಿರುತ್ತವೆ. ವಾಸನೆ ತಿಳಿಯುವುದು ಕಡಿಮೆಯಾಗುತ್ತದೆ. ಮಲಬದ್ಧತೆ. ನಿದ್ದೆಯಲ್ಲಿ ಕೈಕಾಲು ಬಡಿಯುವುದು, ಕೂಗುವುದು. ಅಕ್ಷರ ಸಣ್ಣದಾಗುವುದು. ಮುಖದ ಸ್ನಾಯು ಬಿಗಿಯುವುದು. ಈ ಪ್ರಕರಣದಲ್ಲಿ ನಡುಕಕ್ಕಿಂತ ಇವೇ ಮುಖ್ಯವಾದವು.

ಲೆವೊಡೋಪಾ ಗುಳಿಗೆ ಶುರುವಾಯಿತು. ಮೊದಲ ಕೆಲವು ವರ್ಷ ಚೆನ್ನಾಗಿ ಕೆಲಸ ಮಾಡಿತು. ಕಾಕಾ ಶೆಡ್ಡಿನಲ್ಲಿ ಕೂತು ಸಣ್ಣಪುಟ್ಟ ಕೆಲಸ ಮಾಡುತ್ತಿದ್ದರು. ಒಂದೇ ತಕರಾರು: ಊಟದ ಜೊತೆ ನುಂಗಿದರೆ ಗುಳಿಗೆ ಸರಿಯಾಗಿ ಹಿಡಿಯುತ್ತಿರಲಿಲ್ಲ. ಪ್ರೋಟೀನ್ ಇರುವ ಊಟ ಈ ಔಷಧಿಗೆ ಅಡ್ಡ ಬರುತ್ತದೆ. ನಮ್ಮ ಕಡೆ ತೊಗರಿಬೇಳೆ ಇಲ್ಲದ ಊಟ ಉಂಟಾ? ಕಾಕಿ ಗಡಿಯಾರ ನೋಡಿ, ರೊಟ್ಟಿ ಬಡಿಯುವುದಕ್ಕೆ ಕೂರುವ ಮುಂಚೆ ಗುಳಿಗೆ ಕೊಟ್ಟು, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಊಟಕ್ಕೆ ಹಾಕುತ್ತಿದ್ದರು. 11 ವರ್ಷ ಆ ಮನೆಯ ಅಡುಗೆ ಗುಳಿಗೆಯ ಹೊತ್ತಿಗೆ ತಕ್ಕಂತೆ ನಡೆಯಿತು.

ಮಧ್ಯದಲ್ಲಿ ಒಬ್ಬ ನೆಂಟರು ನಸುಗುನ್ನಿ ಬೀಜದ ಪುಡಿ ತಂದುಕೊಟ್ಟರು. ಅದರಲ್ಲಿ ನಿಜಕ್ಕೂ ಲೆವೊಡೋಪಾ ಇದೆ, ಸುಳ್ಳಲ್ಲ. ತೊಂದರೆ ಏನಂದರೆ ಗುಳಿಗೆಯ ಮೇಲೆ ಅದನ್ನೂ ತಿಂದರೆ ಒಟ್ಟು ಎಷ್ಟು ಹೋಯಿತು ಅನ್ನುವ ಲೆಕ್ಕ ಸಿಗಲ್ಲ. ಕಾಕಾನ ಕುತ್ತಿಗೆ, ಭುಜ ಎಲ್ಲ ತಾನೇ ತಿರುಚಿಕೊಳ್ಳಲು ಶುರುವಾಯಿತು. ಡಾಕ್ಟರು ಬೈದು ನಿಲ್ಲಿಸಿದರು. 2020ರ ಲಾಕ್‌ಡೌನ್‌ನಲ್ಲಿ ಇದಕ್ಕೆ ಉಲ್ಟಾ ಭಯ. ದೇಶದ ಮೊದಲ ಕೋವಿಡ್ ಸಾವು ವರದಿಯಾಗಿದ್ದು ನಮ್ಮ ಕಲಬುರಗಿಯಲ್ಲೇ, ಆ ವರ್ಷದ ಮಾರ್ಚಿನಲ್ಲಿ. ಊರೆಲ್ಲ ಬಂದ್. ಈ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬಾರದು, ಮೈ ಬಿಗಿದು ಜ್ವರ ಏರಿ ಜೀವಕ್ಕೇ ಬರಬಹುದು. ಹಿರಿಯ ಮಗ ಪೊಲೀಸರಿಗೆ ಚೀಟಿ ತೋರಿಸಿ, ಅಂಗಡಿ ಅಂಗಡಿ ತಿರುಗಿ ಗುಳಿಗೆ ಹೊಂದಿಸಿದ್ದ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಇದೇ ಮಗ "ನಾನು ಅಪ್ಪನಿಗೆ ಏನೂ ಮಾಡಲಿಲ್ಲ" ಅನ್ನುತ್ತಾನೆ.

ಫರ್ಸಿ ಮತ್ತು ಟೈಲ್ಸು

ನಾನು ಹೋಗಲು ಶುರು ಮಾಡಿದಾಗ ಕಾಕಾಗೆ ನಡೆಯುವಾಗ ಕಾಲು ನೆಲಕ್ಕೆ ಅಂಟಿಕೊಳ್ಳುವುದು ಶುರುವಾಗಿತ್ತು. ಮೈ ಮುಂದೆ ಹೋಗುತ್ತದೆ, ಕಾಲು ಬರಲ್ಲ. ಇದು ಬಾಗಿಲ ಹತ್ತಿರ, ಇಕ್ಕಟ್ಟಿನ ಜಾಗದಲ್ಲಿ, ತಿರುಗುವಾಗ ಜಾಸ್ತಿ. ಊರಿಗೆಲ್ಲ ಬಾಗಿಲು ಮಾಡಿಕೊಟ್ಟವರು ತಮ್ಮ ಮನೆಯ ಹೊಸ್ತಿಲಿನಲ್ಲಿ, ತಾವೇ ಕೂಡಿಸಿದ ಚೌಕಟ್ಟು ಹಿಡಿದುಕೊಂಡು ನಿಂತುಬಿಡುತ್ತಿದ್ದರು. ಹಿಂದಿನಿಂದ ಯಾರಾದರೂ "ನಡೀ ಅಪ್ಪಾ" ಅಂದರೆ ಇನ್ನೂ ಗಟ್ಟಿಯಾಗುತ್ತಿತ್ತು.

ಆ ಮನೆಯಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ಹಳೆಯ ಪಡಸಾಲೆಗೆ ಶಹಾಬಾದ್ ಫರ್ಸಿ ಹಾಕಿತ್ತು. ಮಗ ಹೊಸದಾಗಿ ಕಟ್ಟಿಸಿದ ಕೋಣೆಗೆ ದೊಡ್ಡ ದೊಡ್ಡ ಹೊಳೆಯುವ ಟೈಲ್ಸ್. ಅಪ್ಪನಿಗೆ ಅನುಕೂಲ ಆಗಲಿ ಅಂತಲೇ ಆ ಕೋಣೆ ಕಟ್ಟಿಸಿದ್ದು. ಕಾಕಾ ಫರ್ಸಿ ಮೇಲೆ ಸುಮಾರಾಗಿ ನಡೆಯುತ್ತಿದ್ದರು, ಟೈಲ್ಸ್ ಮೇಲೆ ನಿಂತುಬಿಡುತ್ತಿದ್ದರು. ಮಗನಿಗೆ ಇದು ಹಟ ಅನ್ನಿಸಿತ್ತು. ರೊಕ್ಕ ಸುರಿದು ಕಟ್ಟಿಸಿದ ಕೋಣೆಗೆ ಬರಲ್ಲ ಅಂತಾನೆ, ನನ್ನ ಮೇಲಿನ ಸಿಟ್ಟು ಅಂತ.

ಸಂಗತಿ ಬೇರೆ. ಪಾರ್ಕಿನ್ಸನ್ ಇರುವವರಿಗೆ ನೆಲದ ಮೇಲೆ ಅಡ್ಡ ಗೆರೆ ಕಂಡರೆ ಅದನ್ನು ದಾಟುವ ಹಾಗೆ ಹೆಜ್ಜೆ ಎತ್ತುವುದು ಸುಲಭವಾಗುತ್ತದೆ. ಫರ್ಸಿ ಕಲ್ಲುಗಳ ನಡುವಿನ ಸಂದು ಕಾಕಾಗೆ ಆ ಗೆರೆಯ ಕೆಲಸ ಮಾಡುತ್ತಿತ್ತು. ಟೈಲ್ಸ್ ನೆಲದಲ್ಲಿ ಹಿಡಿಯುವುದಕ್ಕೆ ಏನೂ ಇರಲಿಲ್ಲ. ಕೋಣೆಯ ತುಂಬ ಬಿಳಿ ಟೇಪಿನ ಪಟ್ಟಿ ಅಂಟಿಸಿ ಅಂದೆ. ಮಗ ಟೇಪು ಹಚ್ಚಲಿಲ್ಲ. ಬಣ್ಣದ ದಾರ ಹಿಡಿದು ನೆಲದ ಮೇಲೆ ಗೆರೆ ಹೊಡೆದು, ಅದರ ಮೇಲೆ ತೆಳು ಪ್ಲೈವುಡ್ ಪಟ್ಟಿ ಕೂಡಿಸಲು ಹೊರಟಿದ್ದ. ಎಡವಿ ಬೀಳುತ್ತಾರೆ ಅಂತ ತಡೆದೆ. ಕೊನೆಗೆ ಬಣ್ಣ ಹೊಡೆದ. ಗೆರೆ ಗೆರೆಗೂ ಅಂತರ ಒಂದು ಸೂತವೂ ಹೆಚ್ಚು ಕಡಿಮೆ ಇರಲಿಲ್ಲ. ಕಾಕಾ ಮೊದಲ ದಿನ ಆ ಗೆರೆ ಮೇಲೆ ನಡೆದು ಹೋಗಿ, ಗೋಡೆ ಮುಟ್ಟಿ, ಬಗ್ಗಿ ಕೊನೆಯ ಗೆರೆಯನ್ನು ಬೆರಳಿನಿಂದ ಅಳೆದು ನೋಡಿದರು. ಏನೂ ಹೇಳಲಿಲ್ಲ.

ತೀರಿಕೊಂಡ ಮೇಲೆ

2023ರ ಹೊತ್ತಿಗೆ ನುಂಗುವುದು ಕಷ್ಟವಾಗಿತ್ತು. ರೊಟ್ಟಿ ಬಿಟ್ಟು ನುಚ್ಚಿಗೆ ಬಂದಿದ್ದರು, ಆಮೇಲೆ ಅದೂ ಗಂಟಲಿಗೆ ಸಿಕ್ಕುತ್ತಿತ್ತು. ಅನ್ನ ನೀರು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುವುದು ಈ ಕಾಯಿಲೆಯ ಕೊನೆಯಲ್ಲಿ ಸಾಮಾನ್ಯ. ಹಾಗೇ ಆಯಿತು. ಆಸ್ಪತ್ರೆಯಲ್ಲಿ ಮೂಗಿನಿಂದ ನಳಿಕೆ ಹಾಕೋಣ ಅಂದರು. ಹಿರಿಯ ಮಗ ಬೇಡ ಅಂದು ಮನೆಗೆ ಕರೆದುಕೊಂಡು ಬಂದ. ಮಗಳು ಯಾದಗಿರಿಯಿಂದ ಬರುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಕೆಲವೇ ದಿನದಲ್ಲಿ ಹೋದರು.

ಆರು ತಿಂಗಳ ಮೇಲೆ ನಾನು ಹೋದಾಗ ಮನೆಯ ಸ್ಥಿತಿ ಹೀಗಿತ್ತು. ಕಾಕಿ ಗುಳಿಗೆಯ ಹೊತ್ತಿಗೆ ಇನ್ನೂ ಎಚ್ಚರವಾಗಿ ಎದ್ದು ಕೂರುತ್ತಿದ್ದರು. "ಹೋದಾಗ ನನಗ ಹಗುರ ಅನಿಸ್ತವ್ವಾ. ಇದು ಪಾಪ ಅಲ್ಲೇನು?" ಅಂತ ಒಂದು ಸಲ ಕೇಳಿದರು, ಮಕ್ಕಳು ಹೊರಗಿದ್ದಾಗ. ವರ್ಷಗಟ್ಟಲೆ ನೋಡಿಕೊಂಡವರಿಗೆ ಹಗುರ ಅನ್ನಿಸದಿದ್ದರೇ ಆಶ್ಚರ್ಯ. ಅದನ್ನೇ ಹೇಳಿದೆ. ಪುಣೆಯಲ್ಲಿರುವ ಕಿರಿಯ ಮಗನಿಗೆ ಅಪ್ಪ ಅಂದರೆ ವಿಡಿಯೋ ಕಾಲಿನಲ್ಲಿ ಕಂಡ, ಕಣ್ಣು ಮಿಟುಕಿಸದ ಒಂದು ಮುಖ. ಮಗಳು ಅಣ್ಣನ ಜೊತೆ ಮಾತು ಕಡಿಮೆ ಮಾಡಿದ್ದಳು. ಹಿರಿಯ ಮಗ ಶೆಡ್ಡಿಗೆ ಬೀಗ ಹಾಕಿ, ಬೇರೆಯವರ ಹತ್ತಿರ ಮಾಡ್ಯುಲರ್ ಕಿಚನ್ ಕೂಡಿಸುವ ಕೆಲಸಕ್ಕೆ ಹೋಗುತ್ತಿದ್ದ.

ಓಣಿಯ ಮೂಲೆಯಲ್ಲಿ ಶ್ರದ್ಧಾಂಜಲಿ ಫ್ಲೆಕ್ಸ್ ಇನ್ನೂ ಇತ್ತು. ಗಡಿಬಿಡಿಯಲ್ಲಿ ಆಧಾರ್ ಕಾರ್ಡಿನ ಫೋಟೊ ಕೊಟ್ಟಿದ್ದರು. ಕಾಯಿಲೆ ಬಂದ ಮೇಲೆ ತೆಗೆಸಿದ್ದು. ಭಾವವೇ ಇಲ್ಲದ ಮುಖ.

ಹಿರಿಯ ಮಗ ಹೇಳಿದ ಮಾತು ಇದು: "ಅಕ್ಕಾರ, ಅಪ್ಪ ನನ್ನ ಮ್ಯಾಲ ಸಿಟ್ಟಿನಾಗೇ ಹೋದ. ಹತ್ತು ವರ್ಷ ಒಮ್ಮಿಯೂ ನನ್ನ ನೋಡಿ ನಕ್ಕಿಲ್ಲ."

ಅದರ ಹಿಂದೆ ಒಂದು ಜಗಳ ಇತ್ತು. 2010ರಲ್ಲಿ ಒಬ್ಬ ಗಿರಾಕಿಗೆ ಕಾಕಾ ಸಾಗವಾನಿ ಅಂತ ಬಾಗಿಲು ಮಾಡಿಕೊಟ್ಟರು. ಅದು ಸಾಗವಾನಿ ಆಗಿರಲಿಲ್ಲ, ಒಂದೇ ಮಳೆಗಾಲಕ್ಕೆ ಸೊಟ್ಟಗಾಯಿತು. ಅಳತೆಯಲ್ಲೂ ತಪ್ಪಿತ್ತು. ಗಿರಾಕಿ ಶೆಡ್ಡಿಗೆ ಬಂದು ಜನರ ಮುಂದೆ ಕೂಗಾಡಿದ. ಮಗನೂ ಅಲ್ಲೇ, ಎಲ್ಲರ ಮುಂದೆ, "ನಿನಗ ಇನ್ನ ಆಗೂದಿಲ್ಲ, ಕೆಲಸ ಬಿಡು" ಅಂದಿದ್ದ. ಆಮೇಲೆ ಕಾಕಾ ಮಾತು ಕಡಿಮೆ ಮಾಡಿದರು, ಮುಖ ಗಂಟು ಹಾಕಿಕೊಂಡೇ ಇದ್ದರು ಅಂತ ಮಗನ ಲೆಕ್ಕ. ಎರಡು ವರ್ಷ ಬಿಟ್ಟು ಕಾಯಿಲೆ ಗೊತ್ತಾಯಿತು. ಜಗಳ ಬೇರೆ, ಕಾಯಿಲೆ ಬೇರೆ ಅಂತ ಅವನು ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದ.

ವಹಿ

ನಾನು ಮುಖದ ವಿಷಯ ಹೇಳಿದೆ. ಪಾರ್ಕಿನ್ಸನ್ನಿನಲ್ಲಿ ಮುಖದ ಸ್ನಾಯು ಬಿಗಿದು ನಗು, ಬೇಸರ ಏನೂ ಹೊರಗೆ ಕಾಣದ ಹಾಗೆ ಆಗುತ್ತದೆ, ಕಣ್ಣು ಮಿಟುಕಿಸುವುದೂ ಕಡಿಮೆಯಾಗುತ್ತದೆ, ದನಿ ಇಳಿಯುತ್ತದೆ. ಒಳಗೆ ನಗುತ್ತಿದ್ದರೂ ಹೊರಗೆ ಬರಲ್ಲ. ಅವನು ಕೇಳಿಸಿಕೊಂಡ, ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೀರಿ ಅಂದ. ಅವನು ನಂಬದೇ ಇದ್ದುದು ಸರಿಯೇ ಅನ್ನಿಸುತ್ತದೆ. ಕಾಯಿಲೆ ಜಗಳದ ನಂತರ ಬಂತು ಅನ್ನುವುದು ಅವನ ಲೆಕ್ಕ. ಆ ಲೆಕ್ಕವನ್ನು ನನ್ನ ಬಾಯಿಮಾತು ಅಲುಗಾಡಿಸುವ ಹಾಗಿರಲಿಲ್ಲ.

ಅಲುಗಾಡಿಸಿದ್ದು ವಹಿ. ಅದನ್ನು ಹೊರತೆಗೆದವಳು ಮಗಳು. ಬೇರೆ ಕಾರಣಕ್ಕೆ: ಯಾರು ಎಷ್ಟು ಬಾಕಿ ಕೊಡಬೇಕು ನೋಡೋಣ ಅಂತ. ಹತ್ತಾರು ವರ್ಷದ ವಹಿಗಳನ್ನು ಫರ್ಸಿ ಮೇಲೆ ಸಾಲಾಗಿ ಹರಡಿದಳು. ನನಗೆ ಮೊದಲು ಕಂಡಿದ್ದು ಅಂಕಿಗಳ ಗಾತ್ರ.

90ರ ದಶಕದ ಪುಟಗಳಲ್ಲಿ ಅಂಕಿಗಳು ಗೆರೆಯಿಂದ ಗೆರೆಗೆ ತುಂಬಿಕೊಂಡು, ಕೆಲವು ಗೆರೆ ದಾಟಿಯೂ ನಿಂತಿವೆ. ಪೆನ್ಸಿಲ್ ಒತ್ತಿದ ಗುರುತು ಹಿಂದಿನ ಪುಟದಲ್ಲೂ ಮೂಡಿದೆ. 2007ರಲ್ಲೂ ಹಾಗೇ. 2008ರ ಕೊನೆಯಲ್ಲಿ ಒಂದು ಬದಲಾವಣೆ: ಸಾಲಿನ ಶುರುವಿನಲ್ಲಿ ಅಂಕಿ ಎಂದಿನ ಗಾತ್ರದಲ್ಲಿದೆ, ಸಾಲಿನ ಕೊನೆಗೆ ಹೋಗುತ್ತ ಹೋಗುತ್ತ ಸಣ್ಣದಾಗುತ್ತದೆ. 2009ರ ಪುಟಗಳಲ್ಲಿ ಇಡೀ ಸಾಲು ಅರ್ಧ ಗೆರೆಯನ್ನೂ ತುಂಬಲ್ಲ. 2010ರಲ್ಲಿ 3 ಯಾವುದು 8 ಯಾವುದು ತಿಳಿಯಲ್ಲ. ಜಗಳಕ್ಕೆ ಕಾರಣವಾದ ಬಾಗಿಲಿನ ಅಳತೆ ಇರುವ ಪುಟ ಸಿಕ್ಕಿತು. ಅಗಲದ ಸೂತದ ಜಾಗದಲ್ಲಿ ಒಂದು ಚುಕ್ಕೆಯಷ್ಟು ಅಂಕಿ. ಮಗ ಅದನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದ. ಅವನಿಗೂ ಓದಲಾಗಲಿಲ್ಲ.

ಅಕ್ಷರ ಹೀಗೆ ಸಾಲು ಸಾಗಿದ ಹಾಗೆ ಕುಗ್ಗುವುದು ಈ ಕಾಯಿಲೆಯ ಹೆಸರಾದ ಲಕ್ಷಣ. ಡಾಕ್ಟರು ಹೆಸರು ಹೇಳಿದ್ದು 2012ರಲ್ಲಿ, ಕಾಯಿಲೆ ವಹಿಗೆ ಬಂದಿದ್ದು ಅದಕ್ಕಿಂತ ಮೂರು ನಾಲ್ಕು ವರ್ಷ ಮೊದಲು. ಜಗಳದ ದಿನ ಅದು ಶೆಡ್ಡಿನಲ್ಲೇ ಇತ್ತು.

ಕಟ್ಟಿಗೆ ಮೋಸದ ಕಥೆ ಆಗ ಕಾಕಿಯಿಂದ ಬಂತು. ಆ ವರ್ಷಗಳಲ್ಲಿ ಒಂದು ದಿನ ಒಲೆಯ ಮೇಲೆ ಬೇಳೆ ತಳ ಹಿಡಿದು ಹೊಗೆ ಎದ್ದಿತ್ತಂತೆ. ಕಾಕಾ ಪಕ್ಕದಲ್ಲೇ ಕೂತಿದ್ದರೂ ಗೊತ್ತಾಗಿರಲಿಲ್ಲ. "ಮೂಗು ಎಲ್ಲಿಟ್ಟೀರಿ ಅಂತ ಬೈದಿದ್ದೆ" ಅಂದರು. ಸಿಪ್ಪೆ ತಿಕ್ಕಿ ಮೂಸಿ ಕಟ್ಟಿಗೆ ತರುತ್ತಿದ್ದವರಿಗೆ ಮೂಗೇ ಹೋಗಿತ್ತು. ಹೋಗಿದ್ದು ಅವರಿಗೂ ತಿಳಿದಿರಲಿಕ್ಕಿಲ್ಲ, ನಿಧಾನಕ್ಕೆ ಹೋಗುವುದು ಯಾರಿಗೂ ತಿಳಿಯಲ್ಲ. ಅಡ್ಡಾದವನು ಕೊಟ್ಟಿದ್ದನ್ನು ತಂದರು.

ಇದಕ್ಕಿಂತ ಹೆಚ್ಚಿಗೆ ಹೇಳಿದರೆ ಅತಿ ಆಗುತ್ತದೆ. ಜಗಳದ ಮಾತಿನಿಂದ ಕಾಕಾಗೆ ನೋವಾಗಲೇ ಇಲ್ಲ ಅಂತ ವಹಿ ಹೇಳಲ್ಲ. ಆಗಿರುತ್ತದೆ. ಆದರೆ ಹತ್ತು ವರ್ಷ ನಗದೇ ಇದ್ದುದು ಸಿಟ್ಟಲ್ಲ ಅನ್ನುವುದನ್ನು ಮಗ ಆ ಪುಟಗಳಿಂದ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಅಳಲಿಲ್ಲ. ಆ ಗಿರಾಕಿಯ ಮೇಲೆ ರೇಗಿದ, ಅಡ್ಡಾದವನ ಮೇಲೆ ರೇಗಿದ, "ನರದ ವೀಕ್‌ನೆಸ್" ಅಂದ ಡಾಕ್ಟರ ಮೇಲೂ ರೇಗಿದ.

ಇಲ್ಲೊಂದು ಮಾತು. ದುಃಖಕ್ಕೆ ಐದು ಮೆಟ್ಟಿಲು ಅಂತ ಎಲ್ಲರೂ ಹೇಳುತ್ತಾರಲ್ಲ, ಅದನ್ನು 1969ರಲ್ಲಿ ಹೇಳಿದ ಕ್ಯೂಬ್ಲರ್-ರಾಸ್ ಸಾವಿನ ಹತ್ತಿರ ಇರುವ ರೋಗಿಗಳ ಜೊತೆ ಮಾತಾಡಿ ಬರೆದದ್ದು. ಉಳಿದವರ ದುಃಖ ಮೆಟ್ಟಿಲು ಹತ್ತಿದ ಹಾಗೆ ಹೋಗುವುದನ್ನು ನಾನು ಯಾವ ಮನೆಯಲ್ಲೂ ಕಂಡಿಲ್ಲ. ಸ್ಟ್ರೋಬ್ ಮತ್ತು ಶುಟ್ ಎಂಬ ಇಬ್ಬರು 1999ರಲ್ಲಿ ಬೇರೆ ಥರ ಹೇಳಿದರು: ಜನ ಒಂದು ಹೊತ್ತು ಹೋದವರ ನೆನಪಿನಲ್ಲಿ ಮುಳುಗುತ್ತಾರೆ, ಇನ್ನೊಂದು ಹೊತ್ತು ಸಂತೆ, ಸಾಲ, ಮಕ್ಕಳ ಫೀಸಿನ ಕಡೆ ಹೊರಳುತ್ತಾರೆ, ಹಿಂದೆ ಮುಂದೆ ಓಡಾಡುತ್ತಲೇ ಇರುತ್ತಾರೆ. ಬಾಕಿ ಲೆಕ್ಕಕ್ಕೆ ವಹಿ ತೆಗೆದು ಅಪ್ಪನ ಕೈ ಕಂಡ ಈ ಮನೆಗೆ ಅದು ಹೆಚ್ಚು ಹೊಂದುತ್ತದೆ.

ಬಾಗಿಲು ಹುಡುಕಿಕೊಂಡು

ವಹಿಯಲ್ಲಿ ಹೆಸರಿದ್ದ ಮನೆಗಳಿಗೆ ಹೋಗೋಣ ಅಂದವಳೂ ಮಗಳೇ. ಬಾಕಿ ಕೇಳುವ ನೆಪ. ಎಷ್ಟೋ ಮನೆ ಒಡೆದು ಅಪಾರ್ಟ್‌ಮೆಂಟ್ ಆಗಿದ್ದವು. ಕೆಲವು ಕಡೆ ಬಾಗಿಲು ಇದ್ದವು, ಜನ ಬದಲಾಗಿದ್ದರು. ಬಾಗಿಲೂ ಜನವೂ ಹಾಗೇ ಇದ್ದ ಮನೆಗಳಲ್ಲಿ ಕಥೆ ಸಿಕ್ಕಿದವು.

ಒಬ್ಬ ನಿವೃತ್ತ ಮಾಸ್ತರು ಹೇಳಿದ್ದು: ಬೇಸಿಗೆಯಲ್ಲಿ ಬಾಗಿಲು ಕೂಡಿಸಿ ಹೋದ ಕಾಕಾ ಮಳೆಗಾಲದಲ್ಲಿ ಕರೆಯದೇ ಬಂದರು. ಚೀಲದಲ್ಲಿ ರಂದಾ. "ಮಳಿ ಬಂತ್ರಿ ಸರ್, ನಿಮ್ಮ ಬಾಗ್ಲ ನೆನಪಾತು." ಮೇಲಿನ ಅಂಚು ಎರಡು ಕೈ ಹೊಡೆದು, ಚಹಾ ಕುಡಿದು ಹೋದರು. ರೊಕ್ಕ ಕೇಳಲಿಲ್ಲ.

ದರ್ಗಾದ ಕಡೆಯ ಒಂದು ಮನೆಯಲ್ಲಿ ಮುದುಕಿಯೊಬ್ಬರು "ಬಡಿಗೇರ್ ಭಾಯಿ" ಹೇಳುತ್ತಿದ್ದ ಜೋಕುಗಳನ್ನು ದಖ್ಖನಿಯಲ್ಲಿ ಹೇಳಿ ಹೇಳಿ ನಕ್ಕರು. ಅಪ್ಪ ದಖ್ಖನಿ ಮಾತಾಡುತ್ತಿದ್ದುದು ಮಕ್ಕಳಿಗೆ ಗೊತ್ತಿತ್ತು, ಕಲಬುರಗಿಯಲ್ಲಿ ಕಸುಬು ಮಾಡುವವರಿಗೆ ಅದು ಬೇಕೇ ಬೇಕು. ಜೋಕು ಹೇಳುತ್ತಿದ್ದುದು ಗೊತ್ತಿರಲಿಲ್ಲ. ಮನೆಯಲ್ಲಿ ಅವರು ಗಂಭೀರವಾಗಿ ಇರುತ್ತಿದ್ದರಂತೆ. ಆ ಜೋಕುಗಳಲ್ಲಿ ಅರ್ಧ ಇಲ್ಲಿ ಬರೆಯುವ ಹಾಗಿಲ್ಲ.

ಎಲ್ಲವೂ ಚಂದದ ಕಥೆಗಳಲ್ಲ. ಅವರ ಹತ್ತಿರ ಕೆಲಸ ಕಲಿತು ಈಗ ಸ್ವಂತ ಅಂಗಡಿ ಇಟ್ಟಿರುವವನು, "ನಿಮ್ಮಪ್ಪ ತಪ್ಪು ಗೀಟು ಹೊಡೆದರ ಫೂಟ್‌ಪಟ್ಟಿಲೆ ಬೆರಳ ಮ್ಯಾಲ ಹೊಡೀತಿದ್ದ. ಪಗಾರ ಅಂತೂ ಎಂದೂ ಹೊತ್ತಿಗೆ ಕೊಟ್ಟವನಲ್ಲ" ಅಂದ. ಮಗಳ ಮುಖ ಸಪ್ಪಗಾಯಿತು. ಹಿರಿಯ ಮಗ ಜೋರಾಗಿ ನಕ್ಕ. "ನನಗೂ ಹೊಡೀತಿದ್ದ, ಇಲ್ಲೇ" ಅಂತ ಬೆರಳು ತೋರಿಸಿದ. ಇಬ್ಬರೂ ಕೂತು ಅಪ್ಪನನ್ನು ಬೈದುಕೊಂಡು ಚಹಾ ಕುಡಿದರು. ಬಾಗಿಲು ಉಬ್ಬುವ ಮಾತನ್ನು ಅವನು ಹೇಳಿದ್ದು ಆಗಲೇ. ನನ್ನನ್ನು ಕೇಳಿದರೆ ಆ ಮನೆಗೆ ತುಂಬ ಉಪಯೋಗ ಆದ ಭೇಟಿ ಇದೇ. ಕಾಯಿಲೆಯ ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ, ಪಾಪ ಅನ್ನಬೇಕು. ಪಟ್ಟಿಯಿಂದ ಹೊಡೆಯುತ್ತಿದ್ದ ಅಪ್ಪನ ಮೇಲೆ ಸಿಟ್ಟಾಗಬಹುದು.

ಒಬ್ಬರು ತಾವು ಕೊಟ್ಟ ಮುಂಗಡಕ್ಕೆ ಕಿಟಕಿ ಬರಲೇ ಇಲ್ಲ ಅಂದರು. ವಹಿ ತೆಗೆದು ನೋಡಿದರೆ ನಿಜ. ಬಾಕಿ ವಸೂಲಿಗೆ ಹೋದ ಮಕ್ಕಳು ನಾಲ್ಕು ಸಾವಿರ ವಾಪಸ್ ಕೊಟ್ಟು ಬಂದರು.

ಈಗಿನ ಸ್ಥಿತಿ

ಸೆಪ್ಟೆಂಬರ್ 17 ನಮ್ಮ ಕಡೆ ಎರಡು ಹಬ್ಬದ ದಿನ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನ ಅಂತ ಊರಲ್ಲಿ ಧ್ವಜ ಏರಿಸುತ್ತಾರೆ. ಬಡಿಗರು, ಕಮ್ಮಾರರ ಮನೆಯಲ್ಲಿ ವಿಶ್ವಕರ್ಮ ಪೂಜೆ. ಆ ದಿನ ಹಿರಿಯ ಮಗ ಶೆಡ್ಡಿನ ಬೀಗ ತೆಗೆದ. ಉಳಿ, ಬಾಚಿ, ರಂದಾ ತೊಳೆದು ಪೂಜೆ ಮಾಡಿದರು. ಶೆಡ್ಡು ಪೂರ್ತಿ ಶುರುವಾಗಿಲ್ಲ. ಮಾಡ್ಯುಲರ್ ಕೆಲಸಕ್ಕೆ ರಜೆ ಇದ್ದಾಗ ಹಳೇ ಗಿರಾಕಿಗಳ ಬಾಗಿಲು ರಿಪೇರಿ ಮಾಡಿಕೊಡುತ್ತಾನೆ. ಅದರಿಂದ ಸಂಸಾರ ನಡೆಯಲ್ಲ ಅಂತ ಅವನಿಗೂ ಗೊತ್ತು.

ಅಣ್ಣ ತಂಗಿ ನಡುವೆ ಮಾತು ಸರಿಹೋಗಿದೆ, ನಳಿಕೆಯ ವಿಷಯ ಸರಿಹೋಗಿಲ್ಲ. ಕಾಯಿಲೆಯ ಆ ಹಂತದಲ್ಲಿ ನಳಿಕೆ ಹಾಕಿದ್ದರೂ ಎಂಜಲು ಶ್ವಾಸನಾಳಕ್ಕೆ ಹೋಗುವುದು ನಿಲ್ಲುತ್ತಿರಲಿಲ್ಲ ಅಂತ ಹೇಳಿದ್ದೇನೆ. ಅವಳಿಗೆ ಅದಲ್ಲ ಬೇಕಾಗಿರುವುದು. ತನ್ನನ್ನು ಯಾಕೆ ಒಂದು ಮಾತು ಕೇಳಲಿಲ್ಲ ಅನ್ನುವುದು. ಅದಕ್ಕೆ ಉತ್ತರ ಅಣ್ಣನೇ ಕೊಡಬೇಕು. ಅವನು ಇನ್ನೂ ಕೊಟ್ಟಿಲ್ಲ.

ನಾನು ಈಗ ಪಾರ್ಕಿನ್ಸನ್ ಇರುವ ಯಾವ ಮನೆಗೆ ಹೋದರೂ ಶುರುವಿನಲ್ಲೇ ಮುಖದ ವಿಷಯ ಹೇಳಿಬಿಡುತ್ತೇನೆ, ಮಕ್ಕಳನ್ನೂ ಕೂರಿಸಿಕೊಂಡು. ದನಿ ಇಳಿಯುವ ಮುಂಚೆ ಮೊಬೈಲಿನಲ್ಲಿ ಅವರ ಮಾತು ಹಿಡಿದಿಡಿ ಅಂತಲೂ ಹೇಳುತ್ತೇನೆ. ಕಾಕಾನ ದನಿ ಎಲ್ಲಿಯೂ ಉಳಿದಿಲ್ಲ.

ವರ್ಷದ ದಿನಕ್ಕೆ ಹೊಸ ಫೋಟೊ ಬೇಕು ಅಂತ ಕಿರಿಯ ಮಗ ಹಟ ಹಿಡಿದ. ಆಧಾರ್ ಫೋಟೊ ಬೇಡವೇ ಬೇಡ ಅಂದ. ಹುಡುಕಿದಾಗ 90ರ ದಶಕದ ಒಂದು ಮದುವೆಯ ಆಲ್ಬಮ್ಮಿನಲ್ಲಿ ಕಾಕಾ ಸಿಕ್ಕರು. ಪಂಕ್ತಿಯಲ್ಲಿ ಕೂತಿದ್ದಾರೆ, ಎಲೆಯ ಮೇಲೆ ಬೂಂದಿ, ಪಕ್ಕದವರು ಏನೋ ಹೇಳಿದ್ದಾರೆ, ಬಾಯಿ ಅಗಲ ತೆರೆದು ನಗುತ್ತಿದ್ದಾರೆ. ಬಾಯಿಯಲ್ಲಿ ತುತ್ತು ಕಾಣುತ್ತದೆ. ಮಕ್ಕಳು ಮೂವರಿಗೂ ಅದೇ ಬೇಕು. ಕಾಕಿಗೆ ಸುತಾರಾಂ ಬೇಡ. "ಬಾಯಾಗಿನ ಬೂಂದಿ ಕಾಣ್ತದ, ಮಂದಿ ಏನಂದಾರು?" ಫ್ಲೆಕ್ಸ್ ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಬಾಯಿ ಮುಚ್ಚಿಸಿ ಕೊಡುತ್ತೇನೆ ಅಂದನಂತೆ. ಕಾಕಿ ಒಪ್ಪಿದರು, ಮಕ್ಕಳು ಒಪ್ಪಲಿಲ್ಲ. ಕೊನೆಗೆ ಮನೆಯ ಗೋಡೆಗೆ ಬೂಂದಿ ಫೋಟೊ, ಓಣಿಯ ಫ್ಲೆಕ್ಸಿಗೆ ಕಾಕಿ ಆರಿಸಿಕೊಟ್ಟ ಇನ್ನೊಂದು ಅಂತ ರಾಜಿಯಾಯಿತು. ಗೋಡೆಯದಕ್ಕೆ ಚೌಕಟ್ಟು ಹಿರಿಯ ಮಗ ಮಾಡಿದ್ದಾನೆ, ಸಾಗವಾನಿಯಲ್ಲೇ.